ಐದನೇ ಅಕ್ಷರ, ಆರನೇ ಅಕ್ಷರ

ನೀನು ಕಳಿಸಿದ ಫೋಟೋ ನೋಡಿದೆ ಮಾರಾಯ್ತಿ. ನಿನ್ನಪ್ಪ ಕಪಾಟಿನಿಂದ ತೆಗೆದು ಫೋಟೋ ಹೊಡೆದದ್ದು ಹಳೇ ಸಿಂಡಿಕೇಟ್ ಬ್ಯಾಂಕಿನ ಪಾಸ್‌ಬುಕ್ಕು. ಮೊದಲ ಪುಟದ ಮೂಲೆಯಲ್ಲಿ ಅಡಿಕೆ ಚೊಗರಿನ ಕಲೆ, ಅಕೌಂಟ್ ನಂಬರಿನ ಕೊನೆಯ ಎರಡು ಅಂಕೆಗಳ ಮೇಲೆ ಬ್ರಾಂಚಿನ ನೇರಳೆ ಸೀಲು. ಅದನ್ನು ನನಗೆ ದಾಟಿಸಿ ಕೆಳಗೆ ಬರೆದಿದ್ದೀ: "ದೊಡ್ಡಪ್ಪಾ, ಇದರಲ್ಲಿ ಸ್ವಿಫ್ಟ್ ಕೋಡ್ ಯಾವುದು? ಇವತ್ತೇ ಕಳಿಸಿಬಿಡ್ತೇನೆ."

ಇವತ್ತು ಕಳಿಸಬೇಡ. ಆ ಪುಟದಲ್ಲಿ ಸ್ವಿಫ್ಟ್ ಕೋಡೇ ಇಲ್ಲ. ಮೊದಲ ಸಂಬಳದಲ್ಲಿ ಅಪ್ಪನಿಗೆ ಒಂದಿಷ್ಟು ಕಳಿಸಬೇಕೆನ್ನುವ ನಿನ್ನ ಆತುರ ನನಗೆ ಅರ್ಥವಾಗುತ್ತದೆ. ಆದರೆ ಫಾರಿನ್ ಎಕ್ಸ್‌ಚೇಂಜ್ ಮೇಜಿನಲ್ಲಿ ಹದಿನಾರು ವರ್ಷ ಕೂತವನು ನಾನು. ದುಡ್ಡು ದಾರಿ ತಪ್ಪುವುದನ್ನು ನೋಡಿದ್ದೇನೆ, ಒಂದು ಸಲ ನಾನೇ ತಪ್ಪಿಸಿದ್ದೇನೆ. ಆ ಕತೆ ಆಮೇಲೆ ಹೇಳುತ್ತೇನೆ. ಮೊದಲು ಆ ಪುಟದಲ್ಲಿ ಏನಿದೆ ಅಂತ ನೋಡುವ.

ಸೀಲಿನ ಪಕ್ಕದಲ್ಲಿ ಒಂಬತ್ತು ಅಂಕೆಗಳ ಒಂದು ಸಾಲಿದೆಯಲ್ಲ, ಅದು ಎಂಐಸಿಆರ್. ಚೆಕ್ಕಿನ ಕೆಳಗಂಚಿನಲ್ಲಿ ಕಪ್ಪು ಮಸಿಯಲ್ಲಿ ಅಚ್ಚಾಗಿರುತ್ತದೆ. ಚೆಕ್ ಕ್ಲಿಯರಿಂಗಿಗೆ ಬಿಟ್ಟರೆ ಬೇರೆ ಕೆಲಸಕ್ಕೆ ಬಾರದು, ಅದನ್ನು ಮರೆತುಬಿಡು. ಅದರ ಮೇಲೆ ಎಸ್‌ವೈಎನ್‌ಬಿ ಅಂತ ಶುರುವಾಗುವ ಹನ್ನೊಂದು ಅಕ್ಷರಗಳದ್ದು ಐಎಫ್‌ಎಸ್‌ಸಿ. ನೀನು ಸ್ವಿಫ್ಟ್ ಕೋಡ್ ಅಂತ ಹಾಕಲು ಹೊರಟಿದ್ದು ಇದನ್ನೇ ಅಂತ ನನ್ನ ಅಂದಾಜು. ನಿನ್ನ ತಪ್ಪಲ್ಲ. ಸ್ವಿಫ್ಟ್ ಕೋಡಿನಲ್ಲೂ ಎಂಟು ಇಲ್ಲವೇ ಹನ್ನೊಂದು ಅಕ್ಷರಗಳಿರುತ್ತವೆ. ಎರಡರಲ್ಲೂ ಮೊದಲ ನಾಲ್ಕು ಅಕ್ಷರ ಬ್ಯಾಂಕಿನ ಗುರುತು, ಎಷ್ಟೋ ಸಲ ಆ ನಾಲ್ಕೂ ಒಂದೇ ಆಗಿರುತ್ತವೆ. ಸ್ಟೇಟ್ ಬ್ಯಾಂಕ್ ತಗೋ: ಐಎಫ್‌ಎಸ್‌ಸಿಯೂ ಎಸ್‌ಬಿಐಎನ್ ಅಂತ ಶುರು, ಸ್ವಿಫ್ಟ್ ಕೋಡೂ ಎಸ್‌ಬಿಐಎನ್ ಅಂತಲೇ ಶುರು. ಅವಳಿ ಮಕ್ಕಳ ಹಾಗೆ. ಹಾಗಾದರೆ ಹೆತ್ತವರು ಗುರುತಿಸುವುದು ಹೇಗೆ?

ಐದನೇ ಅಕ್ಷರ ನೋಡು. ಐಎಫ್‌ಎಸ್‌ಸಿಯಲ್ಲಿ ಐದನೆಯದು ಯಾವತ್ತೂ ಸೊನ್ನೆ. ಮುಂದೇನಾದರೂ ಬೇಕಾದೀತು ಅಂತ ರಿಸರ್ವ್ ಬ್ಯಾಂಕು ಖಾಲಿ ಬಿಟ್ಟ ಜಾಗ ಅದು, ಮನೆ ಕಟ್ಟುವಾಗ ಮಹಡಿ ಮೆಟ್ಟಿಲಿಗೆ ಬಿಡುತ್ತಾರಲ್ಲ ಹಾಗೆ. ಸ್ವಿಫ್ಟ್ ಕೋಡಿನಲ್ಲಿ ಐದನೆಯದು ಮತ್ತು ಆರನೆಯದು ಸೇರಿ ದೇಶದ ಹೆಸರು. ಇಂಡಿಯಾ ಆದರೆ ಐಎನ್, ನೀನಿರುವ ಜರ್ಮನಿ ಆದರೆ ಡಿಇ. ಐದನೇ ಮನೆಯಲ್ಲಿ ಸೊನ್ನೆ ಕಂಡರೆ ಅದು ಇಂಡಿಯಾದ ಒಳಗಿನ ಕೋಡು, ಬೇರೆ ಯೋಚನೆಯೇ ಬೇಡ.

ಸ್ಟೇಟ್ ಬ್ಯಾಂಕಿನ ಕೋಡನ್ನೇ ಬಿಡಿಸಿ ಹೇಳುತ್ತೇನೆ. ಎಸ್‌ಬಿಐಎನ್ ಅಂದರೆ ಬ್ಯಾಂಕು. ಐಎನ್ ಅಂದರೆ ದೇಶ. ಬಿಬಿ ಅಂದರೆ ಸ್ಥಳದ ಗುರುತು. ಇಷ್ಟಕ್ಕೆ ಎಂಟಾಯಿತು. ಬ್ರಾಂಚಿನ ಗುರುತು ಬೇಕಿದ್ದರೆ ಇನ್ನು ಮೂರು ಅಕ್ಷರ. ಬೇಡದಿದ್ದರೆ ಮೂರು ಎಕ್ಸ್ ಹಾಕುತ್ತಾರೆ, ಆಗ ಅದು ಹೆಡ್ ಆಫೀಸಿನ ಕೋಡು. ಈಗ ಎಂಟನ್ನೂ ಒಟ್ಟಿಗೆ ಓದು: ಐಎನ್ ಎರಡು ಸಲ ಬರುತ್ತದೆ, ಒಂದರ ಬೆನ್ನಿಗೆ ಒಂದು. ನನ್ನ ಕೌಂಟರಿಗೆ ಬಂದವರಲ್ಲಿ ಎಷ್ಟೋ ಜನ ಟೈಪ್ ಮಾಡುವಾಗ ಕೈತಪ್ಪಿ ಎರಡು ಸಲ ಬಿದ್ದಿದೆ ಅಂದುಕೊಂಡು ಒಂದನ್ನು ಹೊಡೆದುಹಾಕುತ್ತಿದ್ದರು. ಓದಿದ ಜನವೇ. ಓದಿದವರಿಗೇ ತಿದ್ದುವ ಚಪಲ ಹೆಚ್ಚು.

ಬಿಬಿಯಿಂದ ಊರು ಯಾವುದೆಂದು ಊಹಿಸಲು ಹೋಗಬೇಡ. ಬೆಂಗಳೂರಿನಲ್ಲಿ ಹೆಡ್ ಆಫೀಸ್ ಇರುವ ಕೆನರಾ ಬ್ಯಾಂಕಿನ ಕೋಡಿನಲ್ಲೂ ಬಿಬಿಯೇ ಇದೆ. ಡಾಯಿಶ್ ಬ್ಯಾಂಕಿನದು ಡಿಇಯುಟಿ, ಡಿಇ, ಎಫ್‌ಎಫ್. ಅಲ್ಲಿ ಎಫ್‌ಎಫ್ ಫ್ರಾಂಕ್‌ಫರ್ಟ್ ಅಂತ ಸಲೀಸಾಗಿ ಗೊತ್ತಾಗುತ್ತದೆ. ಎಲ್ಲ ಕಡೆ ಹಾಗಿಲ್ಲ. ದೇಶದ ಅಕ್ಷರಗಳೂ ಒಮ್ಮೊಮ್ಮೆ ಆಟ ಆಡಿಸುತ್ತವೆ. ಸಿಎಚ್ ಅಂದರೆ ಚೀನಾ ಅಲ್ಲ, ಸ್ವಿಟ್ಜರ್‌ಲ್ಯಾಂಡ್, ಚೀನಾಕ್ಕೆ ಸಿಎನ್. ನಮ್ಮೂರಿನ ಅರ್ಧ ಜನ ದುಡಿಯುವ ಯುಎಇಗೆ ಎಇ. ಯುಎ ಅಂತ ಹಾಕಿದರೆ ಅದು ಉಕ್ರೇನ್. ಆಸ್ಟ್ರೇಲಿಯಾಕ್ಕೆ ಎಯು, ಆಸ್ಟ್ರಿಯಾಕ್ಕೆ ಎಟಿ.

ಈಗ ನನ್ನ ತಪ್ಪಿನ ಕತೆ. ತೊಂಬತ್ತರ ದಶಕ, ಮಂಗಳೂರು. ನಮ್ಮ ಕಡೆಯ ಗೇರುಬೀಜದ ಫ್ಯಾಕ್ಟರಿಗಳಿಗೆ ಇಲ್ಲಿಯ ಬೀಜ ಸಾಲುವುದಿಲ್ಲ, ಆಫ್ರಿಕಾದಿಂದ ತರಿಸುತ್ತಾರೆ. ಒಬ್ಬ ಫ್ಯಾಕ್ಟರಿ ಮಾಲೀಕರ ದುಡ್ಡು ತಾಂಜಾನಿಯಾದ ದಾರ್ ಎಸ್ ಸಲಾಮಿಗೆ ಹೋಗಬೇಕಿತ್ತು. ಆಗ ಕೋಡುಗಳನ್ನು ದಪ್ಪ ಡೈರೆಕ್ಟರಿಯಲ್ಲಿ ಹುಡುಕಬೇಕು. ಟೆಲಿಫೋನ್ ಡೈರೆಕ್ಟರಿಗಿಂತ ಸಣ್ಣ ಅಕ್ಷರ. ಅದೇ ಹೆಸರಿನ ಬ್ಯಾಂಕು ಕೀನ್ಯಾದ ನೈರೋಬಿಯಲ್ಲೂ ಇತ್ತು. ಶನಿವಾರ ಮಧ್ಯಾಹ್ನ, ಬಾಗಿಲು ಹಾಕುವ ಹೊತ್ತು. ನಾನು ಬ್ಯಾಂಕಿನ ಹೆಸರು ನೋಡಿದೆ, ಕೋಡು ಬರೆದೆ. ಟಿಜೆಡ್ ಇರಬೇಕಾದಲ್ಲಿ ಕೆಇ ಇದೆ ಅನ್ನುವುದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನಕಲು ಮಾಡುವವನಿಗೆ ಎಲ್ಲ ಅಕ್ಷರಗಳೂ ಒಂದೇ.

ನೈರೋಬಿಯಲ್ಲಿ ಆ ನಂಬರಿನ ಅಕೌಂಟೇ ಇರಲಿಲ್ಲ, ನನ್ನ ಪುಣ್ಯ. ಇದ್ದಿದ್ದರೆ ದುಡ್ಡು ಯಾರದೋ ಪಾಲಾಗುತ್ತಿತ್ತು. ಹಾಗಾಗದೆ ಹತ್ತೊಂಬತ್ತು ದಿನ ಅಲ್ಲೇ ಕೂತು, ಹೋಗುವಾಗೊಮ್ಮೆ ಬರುವಾಗೊಮ್ಮೆ ಖರ್ಚು ಕಳೆದುಕೊಂಡು ವಾಪಸ್ ಬಂತು. ಆ ಹತ್ತೊಂಬತ್ತು ದಿನವೂ ಮಾಲೀಕರು ಹನ್ನೊಂದು ಗಂಟೆಗೆ ಸರಿಯಾಗಿ ಬಂದು, ಕಂಕುಳಲ್ಲಿದ್ದ ಕಪ್ಪು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ನನ್ನೆದುರಿನ ಕುರ್ಚಿಯಲ್ಲಿ ಕೂರುತ್ತಿದ್ದರು. ಒಂದು ಮಾತೂ ಬೈಯಲಿಲ್ಲ. "ಬಂತಾ ಸಾರ್?" ಇಷ್ಟೇ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಆಮೇಲೆ ನಾನು ಕೋಡನ್ನು ಬರೆಯುವ ಮೊದಲು ಬಾಯಿಬಿಟ್ಟು ಓದುತ್ತಿದ್ದೆ: ಬ್ಯಾಂಕು, ದೇಶ, ಸ್ಥಳ, ಬ್ರಾಂಚು. ಪಕ್ಕದ ಮೇಜಿನವರು ಭಟ್ಟರ ಮಂತ್ರ ಶುರುವಾಯಿತು ಅಂತ ನಗುತ್ತಿದ್ದರು. ನಗಲಿ. ನೀನೂ ಓದು. ಯಾಕೆಂದರೆ ಸ್ವಿಫ್ಟ್ ಕೋಡಿನೊಳಗೆ ತಪ್ಪು ಹಿಡಿಯುವ ಕಾವಲುಗಾರ ಇಲ್ಲ. ನಿನ್ನ ಜರ್ಮನ್ ಅಕೌಂಟಿಗೆ ಐಬ್ಯಾನ್ ಇದೆಯಲ್ಲ, ಡಿಇಯಿಂದ ಶುರುವಾಗುವ 22 ಅಕ್ಷರದ್ದು, ಅದರಲ್ಲಿ ಕಾವಲುಗಾರ ಇದ್ದಾನೆ: ಡಿಇ ಆದಮೇಲಿನ ಎರಡು ಅಂಕೆ. ಮೊದಲ ನಾಲ್ಕನ್ನು ತೆಗೆದು ಕೊನೆಗೆ ಹಾಕಿ, ಅಕ್ಷರಗಳನ್ನು ಅಂಕೆ ಮಾಡಿ (ಎಗೆ 10, ಬಿಗೆ 11, ಹೀಗೆ ಜೆಡ್‌ಗೆ 35), ಬಂದ ದೊಡ್ಡ ಸಂಖ್ಯೆಯನ್ನು 97ರಿಂದ ಭಾಗಿಸಿದರೆ ಶೇಷ 1 ಉಳಿಯಬೇಕು. ಉಳಿಯದಿದ್ದರೆ ಎಲ್ಲೋ ತಪ್ಪಿದೆ ಅಂತ ಲೆಕ್ಕ, ಯಂತ್ರ ಅಲ್ಲೇ ತಡೆಯುತ್ತದೆ. ರಜೆಯಲ್ಲಿ ಒಮ್ಮೆ ಕಾಗದದಲ್ಲಿ ಮಾಡಿ ನೋಡು, ಮಜಾ ಇದೆ. ಸ್ವಿಫ್ಟ್ ಕೋಡಿಗೆ ಈ ಲೆಕ್ಕ ಇಲ್ಲ. ಒಂದಕ್ಷರ ಬದಲಾದರೆ ಅದು ಇನ್ಯಾವುದೋ ನಿಜವಾದ ಬ್ಯಾಂಕಿನ ಕೋಡೇ ಆಗಿರಬಹುದು.

ಐಬ್ಯಾನ್ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ನಿನ್ನ ಬ್ಯಾಂಕಿನ ಫಾರಂ ಅಪ್ಪನ ಐಬ್ಯಾನ್ ಕೇಳಬಹುದು. ಇಂಡಿಯಾದಲ್ಲಿ ಐಬ್ಯಾನ್ ಇಲ್ಲ. ಅಮೆರಿಕದಲ್ಲೂ ಇಲ್ಲ, ಅವರದು ಒಂಬತ್ತು ಅಂಕೆಯ ರೌಟಿಂಗ್ ನಂಬರ್, 1910ರಿಂದ ನಡೆದುಬಂದದ್ದು. ಅಪ್ಪನ ಮಾಮೂಲು ಅಕೌಂಟ್ ನಂಬರನ್ನೇ ಹಾಕಬೇಕು, ಜತೆಗೆ ಸ್ವಿಫ್ಟ್ ಕೋಡು. ಇಂಡಿಯಾದ ಅಕೌಂಟಿಗೆ ಐಬ್ಯಾನ್ ಮಾಡಿಕೊಡುತ್ತೇವೆ ಅನ್ನುವವರು ಯಾರಾದರೂ ಸಿಕ್ಕರೆ ಆ ಕಡೆ ತಲೆ ಹಾಕಿಯೂ ಮಲಗಬೇಡ.

ಈ ಕೋಡುಗಳು ಬರುವುದಕ್ಕೆ ಮೊದಲು ಹೇಗಿತ್ತು ಗೊತ್ತಾ? ನಾನು ನೌಕರಿಗೆ ಸೇರಿದಾಗ ಟೆಲೆಕ್ಸ್. ಕಟಕಟ ಸದ್ದು ಮಾಡುತ್ತ ಹಳದಿ ಕಾಗದದ ಸುರುಳಿ ಬಿಚ್ಚಿಕೊಳ್ಳುತ್ತಿತ್ತು. ಬಂದ ಸಂದೇಶ ನಿಜವಾಗಿ ಆ ಬ್ಯಾಂಕಿನಿಂದಲೇ ಬಂತೋ, ಯಾರೋ ಮಾರುವೇಷದಲ್ಲಿ ಕಳಿಸಿದ್ದೋ ತಿಳಿಯಲು ತಲೆಯಲ್ಲೊಂದು ಸಂಖ್ಯೆ ಇರುತ್ತಿತ್ತು, ಟೆಸ್ಟ್ ಕೀ ಅಂತ. ತಾರೀಕಿಗೊಂದು ಅಂಕೆ, ಮೊತ್ತಕ್ಕೊಂದು, ಕರೆನ್ಸಿಗೊಂದು. ಗುಟ್ಟಿನ ಪುಸ್ತಕ ನೋಡಿ ಎಲ್ಲ ಕೂಡಿಸಿ ಆ ಸಂಖ್ಯೆಗೆ ತಾಳೆ ಹಾಕಬೇಕು. ಒಂದು ಸಂದೇಶಕ್ಕೆ ಅರ್ಧ ಗಂಟೆ ಹೋದದ್ದೂ ಇದೆ. ಈ ತಾಪತ್ರಯ ಲೋಕಕ್ಕೆಲ್ಲ ಇತ್ತು. ಅದಕ್ಕೇ 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಸೇರಿ ಬೆಲ್ಜಿಯಂನಲ್ಲಿ ಸ್ವಿಫ್ಟ್ ಅಂತ ಒಂದು ಸಂಘ ಕಟ್ಟಿಕೊಂಡವು. ನಮ್ಮಲ್ಲಿಯ ಹಾಲಿನ ಸೊಸೈಟಿ ಇದ್ದ ಹಾಗೆ, ಸದಸ್ಯರೇ ಮಾಲೀಕರು. 1977ರಲ್ಲಿ ಸಂದೇಶ ಓಡಾಡಲು ಶುರುವಾಯಿತು. ಇಂಡಿಯಾಕ್ಕೆ ಬಂದದ್ದು 1991ರಲ್ಲಿ. ತಂತಿ ಕಚೇರಿ ಮುಚ್ಚಿ ಇಷ್ಟು ವರ್ಷವಾದರೂ ನಾವಿನ್ನೂ "ಟಿಟಿ ಬಂತು", "ಟಿಟಿ ರೇಟು" ಅನ್ನುತ್ತೇವೆ, ಟೆಲಿಗ್ರಾಫಿಕ್ ಟ್ರಾನ್ಸ್‌ಫರ್ ಅಂತ.

ಒಂದು ವಿಷಯ ಮಾತ್ರ ಸರಿಯಾಗಿ ತಲೆಗೆ ಹಾಕಿಕೋ. ಸ್ವಿಫ್ಟ್‌ನಲ್ಲಿ ದುಡ್ಡು ಹೋಗುವುದಿಲ್ಲ, ಸಂದೇಶ ಹೋಗುತ್ತದೆ. ನಿನ್ನ ಅಜ್ಜನ ಕಾಲದ ಹುಂಡಿ ನೆನಪು ಮಾಡು. ಪುತ್ತೂರಿನ ಅಡಿಕೆ ವ್ಯಾಪಾರಿ ಚೀಟಿ ಬರೆದುಕೊಟ್ಟರೆ ಮಂಗಳೂರಿನ ಮಂಡಿಯವರು ದುಡ್ಡು ಎಣಿಸಿ ಕೊಡುತ್ತಿದ್ದರು. ಅವರಿಬ್ಬರ ನಡುವೆ ಮೊದಲೇ ಲೆಕ್ಕ ಇರುತ್ತಿತ್ತು. ಬ್ಯಾಂಕುಗಳದ್ದೂ ಅದೇ ಕತೆ. ಇಲ್ಲಿಯ ಬ್ಯಾಂಕು ಯೂರೋ ದೇಶದ ಯಾವುದಾದರೂ ದೊಡ್ಡ ಬ್ಯಾಂಕಿನಲ್ಲಿ ಒಂದು ಅಕೌಂಟ್ ಇಟ್ಟಿರುತ್ತದೆ, ನೊಸ್ಟ್ರೋ ಅಂತಾರೆ. ನಿನ್ನ ಯೂರೋ ಬೀಳುವುದು ಆ ಅಕೌಂಟಿಗೆ. "ಬಿದ್ದಿದೆ, ಇಂಥವರಿಗೆ ಕೊಡಿ" ಅನ್ನುವ ಚೀಟಿ ಸ್ವಿಫ್ಟ್‌ನಲ್ಲಿ ಬರುತ್ತದೆ. ಇಲ್ಲಿ ಅದನ್ನು ಆ ದಿನದ ರೇಟಿನಲ್ಲಿ ರೂಪಾಯಿ ಮಾಡಿ ಅಪ್ಪನ ಅಕೌಂಟಿಗೆ ಹಾಕುತ್ತಾರೆ. ನಿನ್ನ ಬ್ಯಾಂಕಿಗೂ ಇಲ್ಲಿಯ ಬ್ಯಾಂಕಿಗೂ ನೇರ ಲೆಕ್ಕ ಇಲ್ಲದಿದ್ದರೆ ನಡುವೆ ಒಂದೋ ಎರಡೋ ಬ್ಯಾಂಕು ನುಸುಳುತ್ತವೆ, ಪ್ರತಿಯೊಂದೂ ತನ್ನ ಕೂಲಿ ಹಿಡಿದುಕೊಳ್ಳುತ್ತದೆ. ಕಳಿಸಿದ್ದು ಇನ್ನೂರು ಯೂರೋ, ಬಂದದ್ದು ನೂರ ಎಂಬತ್ತು ಚಿಲ್ಲರೆ ಅಂತ ಅಪ್ಪ ಹೇಳಿದರೆ ಬ್ರಾಂಚಿನ ಕ್ಯಾಷಿಯರನ ಮೇಲೆ ಅನುಮಾನ ಪಡಬೇಡಿ. ಫಾರಂನಲ್ಲಿ ಮೂರು ಆಯ್ಕೆ ಇರುತ್ತದೆ: ಓಯುಆರ್ ಅಂದರೆ ಖರ್ಚೆಲ್ಲ ಕಳಿಸುವವರದು, ಬಿಇಎನ್ ಅಂದರೆ ಪಡೆಯುವವರದು, ಎಸ್‌ಎಚ್‌ಎ ಅಂದರೆ ಹಂಚಿಕೊಳ್ಳುವುದು. ಸಣ್ಣ ಮೊತ್ತಕ್ಕೆ ಈ ದಾರಿಯೇ ದುಬಾರಿ. ಆಪ್‌ಗಳು ಅಕೌಂಟ್ ನಂಬರೂ ಐಎಫ್‌ಎಸ್‌ಸಿಯೂ ಮಾತ್ರ ಕೇಳುವುದುಂಟು. ಅವು ಅಲ್ಲಿ ನಿನ್ನಿಂದ ಯೂರೋ ತಗೊಂಡು, ಇಲ್ಲಿಯ ಒಂದು ಬ್ಯಾಂಕಿನ ಮೂಲಕ ಊರೊಳಗಿನ ದಾರಿಯಲ್ಲೇ ಅಪ್ಪನಿಗೆ ರೂಪಾಯಿ ಹಾಕುತ್ತವೆ. ಪರವಾನಗಿ ಇದ್ದವರಾದರೆ ಧಾರಾಳವಾಗಿ ಬಳಸು. ರೂಮ್‌ಮೇಟಿನ ಗುರುತಿನವರು ಒಳ್ಳೇ ರೇಟು ಕೊಡುತ್ತಾರೆ, ಕೈಯಲ್ಲಿ ಕೊಟ್ಟರೆ ಸಾಕು, ಊರಲ್ಲಿ ಮನೆಗೇ ತಂದುಕೊಡುತ್ತಾರೆ ಅನ್ನುವುದು ಮಾತ್ರ ಬೇಡ. ಅದು ಹವಾಲಾ. ಸಿಕ್ಕಿಬಿದ್ದರೆ ಪೊಲೀಸು ಬರುವುದು ನಿನ್ನಪ್ಪನ ಅಂಗಳಕ್ಕೆ.

ಇನ್ನು ಪಾಸ್‌ಬುಕ್ಕಿನ ವಿಷಯ. ನಮ್ಮ ಜಿಲ್ಲೆಗಳಷ್ಟು ಬ್ಯಾಂಕು ಹೆತ್ತ ಮಣ್ಣು ಈ ದೇಶದಲ್ಲಿ ಇನ್ನೊಂದಿಲ್ಲ ಅಂತ ನನಗೊಂದು ಹೆಮ್ಮೆ. 1906ರಲ್ಲೇ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್. 1924ರಲ್ಲಿ ಕರ್ಣಾಟಕ ಬ್ಯಾಂಕು, ಮರುವರ್ಷ ಸಿಂಡಿಕೇಟ್, 1931ರಲ್ಲಿ ವಿಜಯಾ. ನಿನ್ನ ಅಜ್ಜಿ ದಿನಾ ಪಿಗ್ಮಿಗೆ ಹಾಕಿದ ಚಿಲ್ಲರೆಯಲ್ಲೇ ನಾವು ಓದಿದ್ದು. ಆ ಹೆಸರುಗಳಲ್ಲಿ ಈಗ ಎಷ್ಟು ಉಳಿದಿವೆ ನೋಡು. ವಿಜಯಾ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ಮರುವರ್ಷ ಅದೇ ತಾರೀಕಿಗೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಹೆಸರಿನ ಬೋರ್ಡು ಒಂದು ದಿನದಲ್ಲಿ ಬದಲಾಯಿತು, ಕೋಡು ನಿಧಾನಕ್ಕೆ ಸತ್ತಿತು. ಸಿಂಡಿಕೇಟಿನ ಎಸ್‌ವೈಎನ್‌ಬಿ ಅಂತಿದ್ದ ಐಎಫ್‌ಎಸ್‌ಸಿಗಳೂ ಅದರ ಸ್ವಿಫ್ಟ್ ಕೋಡೂ 2021ರ ಜುಲೈ 1ರಿಂದ ನಡೆಯುವುದಿಲ್ಲ. ಅಪ್ಪನ ಪಾಸ್‌ಬುಕ್ಕು ಮಾತ್ರ ಇನ್ನೂ 2020ಕ್ಕಿಂತ ಹಿಂದೆಯೇ ಬದುಕುತ್ತಿದೆ. ಗಲ್ಫಿನಲ್ಲಿರುವ ನಮ್ಮವರ ಮೊಬೈಲುಗಳಲ್ಲೂ "ಮನೆ ಬ್ಯಾಂಕ್" ಅಂತ ಉಳಿಸಿಕೊಂಡ ಎಷ್ಟು ಸತ್ತ ಕೋಡುಗಳಿವೆಯೋ. ಅಪ್ಪ ಬ್ರಾಂಚಿಗೆ ಹೋಗಿ ಹೊಸ ಪಾಸ್‌ಬುಕ್ಕು ಮಾಡಿಸಲಿ.

ಹೊಸದರಲ್ಲೂ ಸ್ವಿಫ್ಟ್ ಕೋಡು ಇಲ್ಲದೆ ಹೋಗಬಹುದು. ಕೇಳಿದರೆ ಕೌಂಟರಿನ ಹುಡುಗಿ "ನಮ್ಮ ಬ್ರಾಂಚಿಗೆ ಸ್ವಿಫ್ಟ್ ಇಲ್ಲ" ಅಂದಾಳು. ಅವಳು ಹೇಳುವುದು ನಿಜವೇ. ಹಳ್ಳಿಯ ಎಲ್ಲ ಬ್ರಾಂಚುಗಳಿಗೂ ಫಾರಿನ್ ಎಕ್ಸ್‌ಚೇಂಜ್ ಕೆಲಸ ಕೊಟ್ಟಿರುವುದಿಲ್ಲ. ಅಪ್ಪ ಅಷ್ಟಕ್ಕೇ ಛತ್ರಿ ಎತ್ತಿಕೊಂಡು ಮನೆಗೆ ಬರುವುದು ಬೇಡ. "ಹೊರದೇಶದಿಂದ ಈ ಬ್ರಾಂಚಿನ ಅಕೌಂಟಿಗೆ ದುಡ್ಡು ಬರುವುದಾದರೆ ಯಾವ ಸ್ವಿಫ್ಟ್ ಕೋಡು ಹಾಕಬೇಕು?" ಅಂತ ಕೇಳಿದರೆ ಹೆಡ್ ಆಫೀಸಿನದೋ, ಆ ಭಾಗಕ್ಕೆಲ್ಲ ಗೊತ್ತುಮಾಡಿದ್ದೋ ಒಂದು ಕೊಡುತ್ತಾರೆ. ಕಾಗದದಲ್ಲಿ ಬರೆಸಿ ಸೀಲು ಹಾಕಿಸಿಕೊಳ್ಳಲಿ, ಅಂಕೆಗಳ ಮೇಲೆ ಬೇಡ. ಗೂಗಲಿನಲ್ಲಿ ಹುಡುಕಿ ಸಿಕ್ಕಿದ್ದನ್ನು ಹಾಕಬೇಡ. ಅಲ್ಲಿ ಸತ್ತವರೂ ಬದುಕಿದವರೂ ಒಂದೇ ಪಟ್ಟಿಯಲ್ಲಿರುತ್ತಾರೆ. ಹೊಸ ಐಎಫ್‌ಎಸ್‌ಸಿಯನ್ನೂ ಬ್ರಾಂಚಿನ ಹೆಸರನ್ನೂ ಸಂದೇಶದ ಜಾಗದಲ್ಲಿ ಬರೆ. ಮುಂಬೈಯಲ್ಲೋ ಬೆಂಗಳೂರಲ್ಲೋ ಸಂದೇಶ ಬಿಡಿಸುವವರಿಗೆ ಊರು ಹುಡುಕಲು ಸುಲಭವಾಗುತ್ತದೆ. ಕಾರಣ ಕೇಳಿದರೆ ಕುಟುಂಬ ನಿರ್ವಹಣೆ ಅಂತ ಹಾಕು. ಅದಕ್ಕೆ ರಿಸರ್ವ್ ಬ್ಯಾಂಕಿನ ಗುರುತು ಪಿ1301.

ಹೆಸರಿನ ವಿಷಯ ಎಲ್ಲಕ್ಕಿಂತ ಕಿರಿಕಿರಿಯದು. ನಮ್ಮವರ ಇನಿಷಿಯಲ್ಲೊಂದು ಊರು, ಒಂದು ಅಪ್ಪನ ಹೆಸರು, ಒಂದು ಮನೆತನ. ಪಾಸ್‌ಬುಕ್ಕಿನಲ್ಲಿ ಕೆ, ಆಧಾರಿನಲ್ಲಿ ಅದೇ ಬಿಡಿಸಿ ಬರೆದದ್ದು, ನಿನ್ನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಇನ್ನೊಂದು ರೀತಿ. ಅಕೌಂಟಿನಲ್ಲಿ ಹೇಗಿದೆಯೋ ಹಾಗೇ ಹಾಕು, ಚುಕ್ಕಿ ಸಮೇತ. ಕೂಡುಅಕೌಂಟಾದರೆ ಮೊದಲು ಬರೆದ ಹೆಸರು. ಹೆಸರು ತಾಳೆಯಾಗದಿದ್ದರೆ ದುಡ್ಡು ಬಂದು ಬಾಗಿಲಲ್ಲಿ ನಿಲ್ಲುತ್ತದೆ, ಬ್ಯಾಂಕಿನವರು ವಿಚಾರಿಸಿ ಒಳಗೆ ಬಿಡುವವರೆಗೆ.

ಕಾಗುಣಿತಕ್ಕೆ ಎಷ್ಟು ಬೆಲೆ ಇದೆ ಅನ್ನುವುದಕ್ಕೆ 2016ರ ಫೆಬ್ರವರಿಯ ಕತೆ ಸಾಕು. ಕಳ್ಳರು ಬಾಂಗ್ಲಾದೇಶ ಬ್ಯಾಂಕಿನ ಕಂಪ್ಯೂಟರಿನೊಳಗೆ ನುಗ್ಗಿ, ಆ ಬ್ಯಾಂಕಿನ ಹೆಸರಿನಲ್ಲೇ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ 35 ಸ್ವಿಫ್ಟ್ ಆದೇಶ ಕಳಿಸಿದರು. ಒಟ್ಟು ಸುಮಾರು 95 ಕೋಟಿ ಡಾಲರ್. ಕೋಡೆಲ್ಲ ಸರಿ ಇತ್ತು, ಅದೇ ತೊಂದರೆ. ಕೋಡು ಸರಿ ಇದ್ದರೆ ಯಂತ್ರಕ್ಕೆ ಕಳ್ಳನೂ ಸಾಹುಕಾರನೇ. 8.1 ಕೋಟಿ ಡಾಲರ್ ಮನಿಲಾಕ್ಕೆ ಹೋಗಿಯೇಬಿಟ್ಟಿತು. ಶ್ರೀಲಂಕಾದ ಒಂದು ಸಂಸ್ಥೆಗೆ ಹೊರಟಿದ್ದ 2 ಕೋಟಿ ಡಾಲರ್ ಮಾತ್ರ ಸಿಕ್ಕಿಬಿತ್ತು. ಕಳ್ಳ ಫೌಂಡೇಶನ್ ಅನ್ನುವುದನ್ನು ಫ್ಯಾಂಡೇಶನ್ ಅಂತ ಬರೆದಿದ್ದ, ನಡುವೆ ಇದ್ದ ಬ್ಯಾಂಕಿನಲ್ಲಿ ಅದು ಕಣ್ಣಿಗೆ ಬಿದ್ದು ಇದೇನು ಅಂತ ಕೇಳಿದರು. ಉಳಿದ ಬಹುಪಾಲು ಆದೇಶಗಳು ನಿಂತದ್ದಕ್ಕೆ ಇನ್ನೊಂದು ತಮಾಷೆಯ ಕಾರಣ. ಮನಿಲಾದ ಬ್ರಾಂಚು ಇದ್ದದ್ದು ಜ್ಯೂಪಿಟರ್ ಅನ್ನುವ ಬೀದಿಯಲ್ಲಿ, ಆ ಹೆಸರು ಅಮೆರಿಕದ ನಿರ್ಬಂಧದ ಪಟ್ಟಿಯಲ್ಲಿ ಯಾವುದೋ ಹಡಗಿನದಾಗಿ ಇತ್ತು. ಹೆಸರುಗಳನ್ನು ಇಂಥ ಪಟ್ಟಿಗೆ ತಾಳೆ ನೋಡುವುದರಿಂದಲೇ ನಮ್ಮ ಬ್ಯಾರಿ ಗೆಳೆಯರ ಎಷ್ಟೋ ನ್ಯಾಯವಾದ ದುಡ್ಡು ವಾರಗಟ್ಟಲೆ ತಡೆಯುವುದೂ ಉಂಟು, ಯಾರದೋ ಹೆಸರು ಇವರ ಹೆಸರಿನ ಹಾಗೆ ಇದೆ ಅಂತ.

ಬಾಡಿಗೆ ಮನೆ ಹುಡುಕುತ್ತಿದ್ದೇನೆ ಅಂದಿದ್ದೆಯಲ್ಲ, ಅದಕ್ಕೂ ಆ ಎರಡು ಅಕ್ಷರ ಉಪಯೋಗಕ್ಕೆ ಬರುತ್ತದೆ. ಮನೆ ಸ್ಟುಟ್‌ಗಾರ್ಟಿನಲ್ಲಿ, ಓನರ್ ಮಾತ್ರ ಸದ್ಯ ಬೇರೆ ದೇಶದಲ್ಲಿ, ಅಡ್ವಾನ್ಸು ಹಾಕಿದರೆ ಕೀಲಿಕೈ ಅಂಚೆಯಲ್ಲಿ ಬರುತ್ತದೆ ಅಂದರೆ ಅವರು ಕೊಟ್ಟ ಕೋಡು ನೋಡು. ಐದು ಮತ್ತು ಆರನೇ ಅಕ್ಷರ ಡಿಇ ಇಲ್ಲದಿದ್ದರೆ ಕಳ್ಳರೇ ಅಂತ ಹೇಳಲಾಗದು, ಪ್ರಾಮಾಣಿಕರೂ ಬೇರೆ ದೇಶದಲ್ಲಿ ಅಕೌಂಟ್ ಇಟ್ಟಿರಬಹುದು. ಡಿಇ ಇದ್ದ ಮಾತ್ರಕ್ಕೆ ಸಾಚಾ ಅಂತಲೂ ಅಲ್ಲ. ಆದರೆ ಕೇಳಲು ಒಂದು ಪ್ರಶ್ನೆ ಸಿಗುತ್ತದೆ. ಒಳಗೆ ಕಾಲಿಟ್ಟು ನೋಡದ ಮನೆಗೆ ದುಡ್ಡು ಹಾಕಬೇಡ. ಹಾಕಿದ ಮೇಲೆ ವಾಪಸ್ ತರಿಸುವುದೆಂದರೆ ವಿನಂತಿ ಕಳಿಸುವುದಷ್ಟೇ. ದುಡ್ಡು ಪಡೆದವನು ಒಪ್ಪದಿದ್ದರೆ ಬ್ಯಾಂಕು ಕೈ ಚೆಲ್ಲುತ್ತದೆ.

ಮೊದಲ ಸಲ ಐವತ್ತು ಯೂರೋ ಕಳಿಸು. ಖರ್ಚು ಹೋಗಲಿ, ದಾರಿ ಗೊತ್ತಾಗುತ್ತದೆ. ಕಳಿಸಿದಾಗ ಯುಇಟಿಆರ್ ಅಂತ 36 ಅಕ್ಷರದ ಉದ್ದನೆಯ ಒಂದು ನಂಬರ್ ಹುಟ್ಟುತ್ತದೆ. ಫಾರಂನಲ್ಲಿ ಕಾಣದಿದ್ದರೆ ನಿನ್ನ ಬ್ಯಾಂಕಿನಲ್ಲಿ ಕೇಳಿ ಇಸಿದುಕೋ. ದುಡ್ಡು ನಡುದಾರಿಯಲ್ಲಿ ಎಲ್ಲಿ ಕೂತಿದೆ ಅಂತ ಹುಡುಕಲು ಅದೇ ದಿಕ್ಕು. ನಮ್ಮ ಕಾಲದಲ್ಲಿ ಅದಿದ್ದಿದ್ದರೆ ಗೇರುಬೀಜದ ಮಾಲೀಕರು ಅಷ್ಟು ದಿನ ಬಂದು ಕೂರಬೇಕಾಗಿರಲಿಲ್ಲ.

ಕಾಗದ ಕೈಗೆ ಬಂದ ಮೇಲೆ ಅಪ್ಪನಿಗೆ ಫೋನ್ ಮಾಡಿ ಒಂದೊಂದೇ ಅಕ್ಷರ ಓದಿಸು. ಬಿ ಅಂದದ್ದು ಡಿ ಅಂತ ಕೇಳುತ್ತದೆ, ಎನ್ ಅಂದದ್ದು ಎಂ ಅಂತ. ಬಿ ಫಾರ್ ಬಾಂಬೆ, ಎನ್ ಫಾರ್ ನಾಗಪುರ ಅನ್ನಲು ಹೇಳು. ಅವನು ತಮಾಷೆ ಮಾಡುತ್ತಾನೆ, ಮಾಡಲಿ, ಪೂರ್ತಿ ಹನ್ನೊಂದೂ ಓದಿಸದೆ ಬಿಡಬೇಡ. ಇಲ್ಲಿಯ ಹತ್ತೂವರೆಗೆ ಮಾಡು, ತೋಟದಿಂದ ಬಂದು ಗಂಜಿ ಉಂಡು ಜಗಲಿಯಲ್ಲಿ ಕೂತಿರುತ್ತಾನೆ. ನಿನಗೆ ಆಗ ಬೆಳಗ್ಗೆ ಏಳು. ಚಳಿಗಾಲ ಶುರುವಾದ ಮೇಲಾದರೆ ಆರು, ಅಲಾರಂ ಇಟ್ಟುಕೋ.